ಲಾರಿನ್ ಹಿಲ್ ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಅಮೆರಿಕದ ಗಾಯಕಿ ಲಾರಿನ್ ಹಿಲ್ 23ನೆಯ ವಯಸ್ಸಿಗೇ ಅಷ್ಟು ಎತ್ತರಕ್ಕೆ ಏರಿದ್ದು ಹೇಗೆಂದು ಕೇಳಿದ್ದೆ. ನೋಡುವವರಿಗೆ ಅದು ದಿಢೀರನೆ ದೊರೆತ ಗೆಲುವಿನಂತೆ ಕಂಡಿರಬಹುದು; ಅದಕ್ಕೆ ಬೇಕಾದ ತಯಾರಿ ಬಾಲ್ಯದಲ್ಲಿಯೇ ಆರಂಭವಾಗಿತ್ತೆಂದು ನನಗನಿಸುತ್ತದೆ.

ಆಕೆ ಹುಟ್ಟಿದ್ದು 1975ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಬೆಳೆದದ್ದು ಅಲ್ಲಿನ ಸೌತ್ ಆರೆಂಜ್‌ನಲ್ಲಿ. ತಾಯಿ ಶಾಲಾ ಶಿಕ್ಷಕಿ. ಆ ತಾಯಿ ಜೋಪಾನ ಮಾಡಿದ್ದ ಹಳೆಯ ಸೋಲ್ (ಕಪ್ಪುವರ್ಣೀಯ ಅಮೆರಿಕನ್ನರ ಭಾವತುಂಬಿದ ಹಾಡುಗಾರಿಕೆ) ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಕೇಳಿಯೇ ಹುಡುಗಿಯ ಕಿವಿ ಹದಗೊಂಡಿತು. ಮುಂದೆ ಆಕೆಯ, ತಾಳಕ್ಕೆ ಮಾತು ಹೆಣೆಯುವ ರ‍್ಯಾಪ್‌ನ ಬಿರುಸಿನ ನಡುವೆ ಆ ಹಳೆಯ ಇಂಪು ಸುಳಿಯುವುದಕ್ಕೆ ಇದೇ ಕಾರಣ. 13ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ ಹೊಸಬರ ಸ್ಪರ್ಧೆಗೆ ನಿಂತಾಗ, ಮುಲಾಜಿಲ್ಲದವರೆಂದೇ ಹೆಸರಾದ ಅಲ್ಲಿನ ಪ್ರೇಕ್ಷಕರು ಕೂಗಿ ಗೇಲಿ ಮಾಡಿದರು. ಆಕೆ ಹಾಡನ್ನು ನಿಲ್ಲಿಸಲಿಲ್ಲ.

ಶಾಲೆಯಲ್ಲಿದ್ದಾಗಲೇ ಪ್ರಾಜ್ ಮಿಷೆಲ್ ಜೊತೆ ಸೇರಿ ಕಟ್ಟಿದ ಸಂಗೀತ ತಂಡಕ್ಕೆ ವೈಕ್ಲೆಫ್ ಜಾನ್ ಬಂದರು. ಅದೇ ಮುಂದೆ ಫ್ಯೂಜೀಸ್ ಆಯಿತು. 1994ರ ಮೊದಲ ಆಲ್ಬಂ ಅಷ್ಟಾಗಿ ಓಡಲಿಲ್ಲ, 1996ರ ಎರಡನೆಯದು ಲೋಕವಿಖ್ಯಾತವಾಯಿತು. ಈ ನಡುವೆ ಆಕೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದ್ದೂ ಉಂಟು. (ಇದನ್ನು ಓದು ಬಿಡುವುದಕ್ಕೆ ನೆಪ ಮಾಡಿಕೊಳ್ಳಬೇಡ.)

ನನಗೆ ಬಹಳ ಮೆಚ್ಚುಗೆಯಾದದ್ದು ಅದರ ನಂತರದ ಕಥೆ. ಚೊಚ್ಚಲ ಬಸುರಿಯಾಗಿದ್ದಾಗ, ಮಗುವಿಗಿಂತ ವೃತ್ತಿಯೇ ಮುಖ್ಯವೆಂದು ಬುದ್ಧಿ ಹೇಳಿದವರ ಮಾತನ್ನು ತಳ್ಳಿಹಾಕಿ, ಆ ಸಂಕಟವನ್ನೂ ಸಂತೋಷವನ್ನೂ ಆಕೆ ಹಾಡಾಗಿಸಿದಳು. ಆ ಹಾಡೂ ಸೇರಿದ್ದ, ತಂಡದ್ದಲ್ಲದೆ ಆಕೆಯೊಬ್ಬಳದೇ ಹೆಸರಿನಲ್ಲಿ ಬಂದ ಆಲ್ಬಂ 1998ರ ಆಗಸ್ಟ್‌ನಲ್ಲಿ ಹೊರಬಂತು. 1999ರ ಫೆಬ್ರವರಿಯಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ವರ್ಷದ ಆಲ್ಬಂ ಎಂಬ ಗೌರವ, ರ‍್ಯಾಪ್ ಅನ್ನು ಒಳಗೊಂಡ ಸಂಗೀತ ಪ್ರಕಾರವಾದ ಹಿಪ್ ಹಾಪ್‌ಗೆ ಸಂದದ್ದು ಅದೇ ಮೊದಲು.

ಆದರೆ ಆ ಆಲ್ಬಂನಲ್ಲಿ ದುಡಿದ ಕೆಲವು ಸಂಗೀತಗಾರರು, ಹಾಡು ಕಟ್ಟುವುದರಲ್ಲಿ ತಮ್ಮ ಪಾಲೂ ಇದೆ, ಹೆಸರು ಮಾತ್ರ ಸರಿಯಾಗಿ ಬಂದಿಲ್ಲವೆಂದು ಮೊಕದ್ದಮೆ ಹೂಡಿದರು. ಅದು 2001ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಯಾರದು ಸರಿಯೆಂದು ತೀರ್ಪು ಕೊಡಲು ನಾನು ಯಾರು? ನೀನೂ ಗೆಳತಿಯರೊಂದಿಗೆ ಕೂಡಿ ಹಾಡು ಕಟ್ಟುತ್ತಿರುವುದರಿಂದ ಈ ಮಾತನ್ನು ಎತ್ತಿದೆ. ಸಾಲು ಯಾರದು, ರಾಗ ಯಾರದು ಎಂಬುದನ್ನು ಹಾಡು ಮುಗಿದ ದಿನವೇ ಬರೆದು, ದಿನಾಂಕ ಹಾಕಿ, ಎಲ್ಲರೂ ಸಹಿ ಮಾಡಿ.

ನಿನ್ನ ಅಮ್ಮ