ಆನಂದ ಮಹಲಿಗೆ ಸಂಗೀತ ಬರಲಿ, ಸಿಮೆಂಟು ಬಾರದಿರಲಿ

ಸಂಪಾದಕರಿಗೆ,

ಮಾನ್ಯರೇ,

ವಿಜಯಪುರದ ಅರಕಿಲ್ಲೆಯ, ಅಂದರೆ ಅರಮನೆಗಳಿದ್ದ ಒಳಕೋಟೆಯ, ಹಳೆಯ ಕಟ್ಟಡಗಳಲ್ಲಿ ಸಂಜೆಹೊತ್ತು ಸಂಗೀತ, ನಾಟಕ, ಊಟ ಉಪಾಹಾರಗಳ ಏರ್ಪಾಡು ಆಗಬೇಕೆಂಬ ಮಾತು ಪ್ರವಾಸೋದ್ಯಮದ ಚರ್ಚೆ ಎದ್ದಾಗಲೆಲ್ಲ ಕೇಳಿಬರುತ್ತದೆ. ಅದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಯಾವ ಕಟ್ಟಡ, ಯಾವ ಉಪಯೋಗಕ್ಕೆ, ಯಾವ ಷರತ್ತಿನ ಮೇಲೆ ಎಂಬುದನ್ನು ತೀರ್ಮಾನಿಸುವ ಮೊದಲೇ ಗುತ್ತಿಗೆ ಕರೆದರೆ, ಉಳಿಸಲು ಹೊರಟ ಗೋಡೆಗಳನ್ನೇ ನಾವು ಕಳೆದುಕೊಂಡೇವು.

ಮರುಬಳಕೆ ಈ ಊರಿಗೆ ಹೊಸದಲ್ಲ. ಆದಿಲಶಾಹಿಗಳು ನ್ಯಾಯದಾನಕ್ಕೆಂದು ಕಟ್ಟಿಸಿದ ಅಸಾರ್ ಮಹಲೇ ಮುಂದೆ ಪ್ರವಾದಿಯವರ ಪವಿತ್ರ ಅವಶೇಷಗಳನ್ನು ಕಾಪಿಡುವ ಸ್ಥಳವಾಯಿತು. 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಬಂದಾಗ ಬ್ರಿಟಿಷ್ ಅಧಿಕಾರಿಗಳು ಹಳೆಯ ಮಹಲುಗಳನ್ನೇ ಕಚೇರಿ, ನಿವಾಸಗಳನ್ನಾಗಿ ಮಾಡಿಕೊಂಡರು. ಒಂದು ಮಸೀದಿಯನ್ನು ಪ್ರವಾಸಿ ಬಂಗಲೆಗೂ ಇನ್ನೊಂದನ್ನು ಅಂಚೆ ಕಚೇರಿಗೂ ಬಳಸಿದರು. ಆ ಎರಡನ್ನೂ ಅಲ್ಲಿಂದ ತೆರವುಗೊಳಿಸಿದವನು ವೈಸರಾಯ್ ಕರ್ಜನ್. ಅವನ ಕಾಲದಲ್ಲೇ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂದಿತು. ಗೋಳಗುಮ್ಮಟದ ಮುಂದಿನ ನಗಾರಖಾನೆ (ನಗಾರಿ ಬಾರಿಸುವ ಕಟ್ಟಡ) ಮಾತ್ರ ವಸ್ತುಸಂಗ್ರಹಾಲಯವಾಗಿ ಇಂದಿಗೂ ಗೌರವದಿಂದ ನಿಂತಿದೆ. ಆ ಕಟ್ಟಡದ ಸ್ವಭಾವಕ್ಕೆ ಒಗ್ಗುವ ಕೆಲಸವನ್ನು ಅದಕ್ಕೆ ಕೊಟ್ಟದ್ದೇ ಇದಕ್ಕೆ ಕಾರಣವೆಂದು ನನ್ನ ನಂಬಿಕೆ.

ಈ ದೃಷ್ಟಿಯಿಂದ ನೋಡಿದರೆ, ಬಹುಕಾಲ ಸರ್ಕಾರಿ ಕಚೇರಿಗಳಿಗೆ ನೆಲೆಯಾಗಿದ್ದ ಆನಂದ ಮಹಲಿಗೆ ಸಂಗೀತದಷ್ಟು ಒಪ್ಪುವ ಉಪಯೋಗ ಬೇರೊಂದಿಲ್ಲ. ಅದನ್ನು ಕಟ್ಟಿಸಿದ ಎರಡನೆಯ ಇಬ್ರಾಹಿಂ ಆದಿಲಶಹಾ ಸ್ವತಃ ರಾಗಗಳಿಗೆ ಹೊಂದಿಸಿ ದಖನಿ ಉರ್ದುವಿನಲ್ಲಿ ಹಾಡುಗಳನ್ನು ರಚಿಸಿ, ಅವುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ ದೊರೆ. ಹಿಂದುಸ್ತಾನಿ ಗಾಯನದ ಬೈಠಕ್, ತತ್ವಪದ, ಚಿಕ್ಕ ನಾಟಕಗಳು ಅಲ್ಲಿ ನಡೆಯಲಿ. ಹತ್ತಿರದ ಗಗನ ಮಹಲಿನ ಮುಂದಿನ ಬಯಲಿನಲ್ಲಿ, ಪುರಾತತ್ವ ಇಲಾಖೆಯ ಅನುಮತಿ ಪಡೆದು, ಕಾರ್ಯಕ್ರಮ ಮುಗಿದೊಡನೆ ಬಿಚ್ಚಿ ಒಯ್ಯಬಹುದಾದ ವೇದಿಕೆಯನ್ನಷ್ಟೇ ಹಾಕಬಹುದು. ಗೋರಿಗಳು, ಮಸೀದಿಗಳು, ಅಸಾರ್ ಮಹಲು ಈ ಯೋಚನೆಯಿಂದ ಪೂರ್ತಿ ಹೊರಗಿರಬೇಕು. ಇದರಲ್ಲಿ ರಿಯಾಯಿತಿಯ ಮಾತೇ ಬೇಡ.

ನನಗೆ ಹೆಚ್ಚು ಆತಂಕವಿರುವುದು ದುರಸ್ತಿಯ ಬಗ್ಗೆ. ನಮ್ಮ ಊರಿನ ಈ ಗೋಡೆಗಳು ಕಪ್ಪುಕಲ್ಲು ಮತ್ತು ಸುಣ್ಣದ ಗಾರೆಯವು. ಕಲ್ಲಿನೊಳಗೆ ಇಳಿದ ಮಳೆನೀರು ಗಾರೆಯ ಮೂಲಕ ಆವಿಯಾಗಿ ಹೊರಬರುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು, ಉಪ್ಪು ಬಿಟ್ಟು, ಕೆಲವೇ ವರ್ಷಗಳಲ್ಲಿ ಗಾರೆಯ ಕೆತ್ತನೆ ಹಕ್ಕಳೆಯಾಗಿ ಉದುರುತ್ತದೆ. ವೈರು, ಹವಾನಿಯಂತ್ರಣ, ದೀಪಗಳಿಗಾಗಿ ಕಮಾನುಗಳಿಗೆ ರಂಧ್ರ ಕೊರೆಯುವುದೂ ಇಷ್ಟೇ ಅಪಾಯಕಾರಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ಜೀವಹಾನಿಯಾದದ್ದನ್ನು ನೆನೆದರೆ, ಜನರನ್ನು ಒಳಗೆ ಬಿಡುವ ಮುನ್ನ ತಾರಸಿ ಮತ್ತು ಮಾಳಿಗೆಯ ಬಲವನ್ನು ಪರೀಕ್ಷಿಸುವುದು ಎಷ್ಟು ಅಗತ್ಯವೆಂದು ಬೇರೆ ಹೇಳಬೇಕಿಲ್ಲ.

ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ; ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಇದು ಅಡ್ಡಿಯೆಂದು ಗೊಣಗುವವರಿದ್ದಾರೆ. ಹೊಸ ಸಭಾಭವನ ಕಟ್ಟಲಾಗದ ಕಡೆ ಇರುವ ಕಟ್ಟಡವನ್ನೇ ಜೋಪಾನವಾಗಿ ಬಳಸಬೇಕಾಗುತ್ತದೆ ಎಂಬ ಕಾರಣಕ್ಕೆ ನಾನು ಈ ನಿಯಮವನ್ನು ಸ್ವಾಗತಿಸುತ್ತೇನೆ. ಅಡುಗೆಮನೆ, ಶೌಚಾಲಯ, ವಾಹನ ನಿಲುಗಡೆಗಳನ್ನು ಈ ವಲಯದಾಚೆ ಯೋಜಿಸಿ, ಅಲ್ಲಿಂದ ನಡೆದು ಬರಲು ನೆರಳಿನ ದಾರಿ ಮಾಡಿದರೆ ಸಾಕು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ಹೇಗೂ ನಿಷೇಧವಿದೆ. ಇಂತಹ ಕಟ್ಟಡಗಳೊಳಗೆ ಅದಕ್ಕಿಂತ ಮುಂಚೆಯೂ ಡಿಜೆ ಅಬ್ಬರ ಬೇಡವೆಂದು ಕರಾರಿನಲ್ಲೇ ಬರೆಯಬೇಕು.

ಆದ್ದರಿಂದ ಜಿಲ್ಲಾಡಳಿತವು ಟೆಂಡರ್‌ಗೆ ಮುನ್ನ ಪ್ರತಿ ಕಟ್ಟಡದ ಈಗಿನ ಸ್ಥಿತಿ, ಅನುಮತಿಸಬಹುದಾದ ಉಪಯೋಗ ಮತ್ತು ದುರಸ್ತಿಯ ವಿಧಾನವನ್ನು ಕನ್ನಡದಲ್ಲಿ ಪ್ರಕಟಿಸಿ, ಆಕ್ಷೇಪಣೆಗಳಿಗೆ ಸಾಕಷ್ಟು ಕಾಲಾವಕಾಶ ನೀಡಬೇಕು. ಬಾಡಿಗೆಯಿಂದ ಬರುವ ಹಣದ ನಿಗದಿತ ಪಾಲು ಅದೇ ಕಟ್ಟಡದ ನಿರ್ವಹಣೆಗೆ ಮೀಸಲಾಗಬೇಕೆಂದೂ ವಿನಂತಿಸುತ್ತೇನೆ.

— ಓರ್ವ ಓದುಗ, ವಿಜಯಪುರ