ಸಾಕ್ಷಿ ಹೇಳಿದ ಮೇಲೆ

ಕೋಲಾರ

ಪ್ರೀತಿಯ ಸ್ಯಾಮು,

ಚಟ ಬಿಡಿಸುವ ಕೇಂದ್ರದಿಂದ ನೀನು ಬರೆದ ಕಾಗದ ಬಂತು. ಬೆಳಗಿನ ಪ್ರಾರ್ಥನೆ, ಹಾಡು, ಅಡುಗೆಮನೆಯಲ್ಲಿ ನಿನ್ನ ಪಾಳಿ, ಎಲ್ಲ ಓದಿ ಖುಷಿಯಾಯಿತು. ಆದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ಕ್ರಿಸ್ಮಸ್ಸಿಗೆ ಊರಿನ ಚರ್ಚಿನ ಸಭೆಯಲ್ಲಿ, ಚಟ ಬಿಟ್ಟೆ ಅಂತ ಎಲ್ಲರೆದುರು ಸಾಕ್ಷಿ ಹೇಳಬೇಕಂತೆ. ಹೇಳಿದ ಮೇಲೆ ಮತ್ತೆ ಬಿದ್ದರೆ ಯಾರಿಗೆ ಮುಖ ತೋರಿಸಲಿ ದೊಡ್ಡಪ್ಪಾ" ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಹಿಂದಿನದ್ದೆಲ್ಲ ಬೇಡ ಬಿಡು, ಮನೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ನನ್ನದೊಂದಿದೆ. ನಿಮ್ಮಪ್ಪನಿಗೂ ಹೇಳಿಲ್ಲ.

ಕುಡಿತ ಬಿಟ್ಟೆ ಅಂತ ನಾನು ಸಾಕ್ಷಿ ಹೇಳಿದ್ದು 1988ರ ಸುಗ್ಗಿ ಹಬ್ಬದ ಭಾನುವಾರ. ಕಂಬಗಳಿಗೆ ಕಬ್ಬು ಕಟ್ಟಿದ್ದರು, ಮುಂದೆ ಕುಂಬಳಕಾಯಿ ರಾಶಿ. ನಿಮ್ಮ ದೊಡ್ಡಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಜನ ಆಮೆನ್ ಅಂದರು, ಒಂದಿಬ್ಬರು ಅತ್ತರು. ಮೂರನೇ ತಿಂಗಳಿಗೆ ಒಂದು ಸಂಜೆ ಬಂಗಾರಪೇಟೆಯಲ್ಲಿ ರೈಲು ತಪ್ಪಿತು. ಒಂದೇ ಒಂದು ಅಂತ ಕುಡಿದೆ. ಅವತ್ತೇ ಚರ್ಚಿನ ಅಯ್ಯನವರ ಹತ್ತಿರ ಹೋಗಿ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಹೇಗೆ ಹೇಳುವುದು? ಸಾಕ್ಷಿ ಹೇಳಿಬಿಟ್ಟಿದ್ದೆನಲ್ಲ! ನಾಲ್ಕು ವರ್ಷ ಕದ್ದು ಕುಡಿದೆ. ಏಲಕ್ಕಿ ಅಗಿದುಕೊಂಡು ಕ್ವಯರ್‌ನಲ್ಲಿ ಹಾಡಿದೆ.

ಬಾಟಲಿ ಇಡುತ್ತಿದ್ದದ್ದು ರಾಗಿ ಡ್ರಮ್ಮಿನೊಳಗೆ. ಒಂದು ದಿನ ಮಿಲ್ಲಿಗೆ ರಾಗಿ ತುಂಬುವಾಗ ನಿಮ್ಮ ದೊಡ್ಡಮ್ಮನ ಕೈಗೆ ತಗುಲಿತು. ತೆಗೆದು ನೋಡಿದಳು. ಮತ್ತೆ ಅಲ್ಲೇ ಇಟ್ಟು ಮೇಲೆ ರಾಗಿ ಎಳೆದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಇಬ್ಬರೂ ಮಾತಾಡಲಿಲ್ಲ. ಸಭೆಯ ಮುಂದೆ ಅವಳೂ ನಿಂತವಳೇ ಅಲ್ವಾ, ಅವಳ ಬಾಯನ್ನೂ ನಾನೇ ಕಟ್ಟಿಹಾಕಿದ್ದೆ. ಅವಳು ಹೋಗಿ ಇಷ್ಟು ವರ್ಷವಾಯಿತು, ಆ ರಾಗಿ ಎಳೆದ ಸದ್ದು ಈಗಲೂ ಕೇಳಿಸುತ್ತದೆ. ನಾನು ನಿಜವಾಗಿ ಬಿಟ್ಟದ್ದು ರಕ್ತ ವಾಂತಿಯಾದ ಮೇಲೆ. ಭಕ್ತಿಯಿಂದ ಅಂತ ಊರವರು ತಿಳಿದುಕೊಂಡಿದ್ದಾರೆ.

ನನ್ನದು ಸಾರಾಯಿ, ಕೊಲ್ಲಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿತ್ತು. ನೀನು ನೋವಿನ ಮಾತ್ರೆ ಕರಗಿಸಿ ಸೂಜಿ ಚುಚ್ಚಿಕೊಂಡವನು. ನನ್ನ ಭಯ ಅದಕ್ಕೇ. ಏಳು ತಿಂಗಳು ಬಿಟ್ಟ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ. ಮೊದಲಿನಷ್ಟೇ ಹಾಕಿಕೊಂಡರೂ ಉಸಿರು ನಿಲ್ಲಬಹುದು. ಅದೂ ಬಾಗಿಲು ಹಾಕಿಕೊಂಡು, ಒಬ್ಬನೇ ಇದ್ದಾಗ. ಬಾಗಿಲು ಹಾಕಿಸುವುದು ಯಾವುದು ಹೇಳು? ನೀನು ಅಂಚಿನಲ್ಲಿ ಬರೆದೆಯಲ್ಲ, ಆ ಮಾತೇ.

ಚಟ ಬಿಡುವವರಿಗೆ ಅಂತ ಇರುವ, ನೀನು ಕಳಿಸಿದ 12 ಹೆಜ್ಜೆಗಳ ಹಾಳೆಯನ್ನು ಎರಡು ಸಲ ಓದಿದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರುಪೇಟೆಯವನು, ಇನ್ನೊಬ್ಬ ಡಾಕ್ಟರು, ಎದುರುಬದುರು ಕೂತು ತಮ್ಮ ಪಾಡು ಹೇಳಿಕೊಂಡದ್ದರಿಂದ ಹುಟ್ಟಿದ್ದಂತೆ ಇದು. ಐದನೆಯದನ್ನು ಇನ್ನೊಮ್ಮೆ ನೋಡು. ತಪ್ಪನ್ನು ದೇವರಿಗೆ, ನಿನಗೆ ನೀನೇ, ಇನ್ನೊಬ್ಬ ಮನುಷ್ಯನಿಗೆ ಒಪ್ಪಿಕೋ ಅಂತಿದೆ. ಒಬ್ಬ. ಇಡೀ ಸಭೆಗೆ ಅಂತ ಎಲ್ಲಿದೆ? ಹತ್ತನೆಯದರಲ್ಲಿ, ತಪ್ಪಿದಾಗೆಲ್ಲ ಕೂಡಲೇ ಒಪ್ಪಿಕೊಳ್ಳುತ್ತಾ ಇರು ಅಂತಿದೆ. ಒಂಬತ್ತು ಹೆಜ್ಜೆ ಹತ್ತಿ ಬಂದವನೂ ತಪ್ಪುತ್ತಾನೆ ಅಂತ ಬರೆದವರಿಗೆ ಗೊತ್ತಿತ್ತು. ಈ ಹಾಳೆ ನನ್ನ ಕೈಗೆ ಆಗ ಸಿಗಲಿಲ್ಲ. ಸಿಕ್ಕಿದ್ದರೂ ಓದುತ್ತಿದ್ದೆನೋ ಇಲ್ಲವೋ.

ಕೆಜಿಎಫ್‌ನಲ್ಲಿ ನಾನು ಟೈಮ್ ಕೀಪರ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ಅದೇ ಕೆಲಸ. ಕೆಳಗಿಳಿಯುವವರ ಹಿತ್ತಾಳೆ ಬಿಲ್ಲೆ ಇಸಿದುಕೊಂಡು ಮೊಳೆಗೆ ಸಿಕ್ಕಿಸುವುದು, ಮೇಲೆ ಬಂದಾಗ ವಾಪಸ್ ಕೊಡುವುದು. ಪಾಳಿ ಮುಗಿದ ಮೇಲೂ ಮೊಳೆಯಲ್ಲಿ ಒಂದು ಬಿಲ್ಲೆ ಉಳಿದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ಲೆಕ್ಕ. ಯಾಕಪ್ಪಾ ಅಲ್ಲಿಗೆ ಹೋದೆ ಅಂತ ಯಾರೂ ಬೈಯುತ್ತಾ ಕೂರುತ್ತಿರಲಿಲ್ಲ. ಹುಡುಕಲು ಇಳಿಯುತ್ತಿದ್ದರು. ನಾನು ಮಾತ್ರ ನಾಲ್ಕು ವರ್ಷ ಕೆಳಗೇ ಇದ್ದುಕೊಂಡು, ಬಿಲ್ಲೆ ವಾಪಸ್ ತೆಗೆದುಕೊಂಡವನ ಹಾಗೆ ಓಡಾಡಿದೆ.

ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ಹೇಳುತ್ತೇನೆ, ಬೇಡ ಅನ್ನಿಸಿದರೆ ಬಿಡು. ಈ ಕ್ರಿಸ್ಮಸ್ಸಿಗೆ ಸಾಕ್ಷಿ ಬೇಡ. ಅಯ್ಯನವರ ಹತ್ತಿರ ನಾನೇ ಮಾತಾಡುತ್ತೇನೆ, ಸುಮ್ನೆ ಬಂದು ಹಿಂದಿನ ಬೆಂಚಿನಲ್ಲಿ ಕೂರು. ನಿಮ್ಹಾನ್ಸ್ ಡಾಕ್ಟರು ಕೊಟ್ಟ ಮಾತ್ರೆಯನ್ನು, ವಿಶ್ವಾಸ ಸಾಲದು ಅಂತ ಯಾರೋ ಅಂದರು ಅಂತ ನಿಲ್ಲಿಸಬೇಡ. ನಿಲ್ಲಿಸುವುದಾದರೆ ಆ ಡಾಕ್ಟರೇ ಹೇಳಲಿ. ಆಸೆ ಎದ್ದರೆ, ಅಥವಾ ಬಿದ್ದೇಬಿಟ್ಟರೆ, ನನಗೆ ಫೋನ್ ಮಾಡು, ರಾತ್ರಿ ಎರಡು ಗಂಟೆಯಾದರೂ ಸರಿ. ನನಗೆ ಹೇಳಲು ಸಂಕೋಚವಾದರೆ ಚಟ ಬಿಡಿಸಲು ಸರ್ಕಾರ ಇಟ್ಟಿರುವ ಸಹಾಯವಾಣಿ 14446ಕ್ಕೆ ಮಾಡು, ಅವರಿಗೆ ನಿನ್ನ ಮುಖವೇ ಗೊತ್ತಿರುವುದಿಲ್ಲ.

ನೀನು ಬರುತ್ತೀಯ ಅಂತ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಒಳಗಿನ ಚಿಲಕ ಕೀಳಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನದೊಂದೇ ಕೀಳಿಸಿದರೆ ಚೆನ್ನಾಗಿರುವುದಿಲ್ಲ ಅಂತ ನನ್ನ ಕೋಣೆಯದೂ ಕೀಳಿಸಿದೆ. ಅದಕ್ಕೆ ಬಡಗಿ ನೂರು ರೂಪಾಯಿ ಜಾಸ್ತಿ ತೆಗೆದುಕೊಂಡ.

ನಿನ್ನ
ದೊಡ್ಡಪ್ಪ