ಅಮ್ಮನ ಒಂದು ‘ಹೂಂ’ ಹಿಡಿದುಕೊಂಡು ಕ್ಲೇಮ್ ತಿರಸ್ಕರಿಸಿದ್ದರ ಬಗ್ಗೆ ದೂರು

ದಿನಾಂಕ: 12 ಜನವರಿ 2026

ಇವರಿಗೆ,
ದೂರು ನಿವಾರಣಾ ಅಧಿಕಾರಿಗಳು,
ಆರೋಗ್ಯ ವಿಮಾ ವಿಭಾಗ

ವಿಷಯ: ನನ್ನ ತಾಯಿಯ ಸೊಂಟದ ಮೂಳೆ ಆಪರೇಷನ್ ಕ್ಲೇಮ್, ₹2,14,600, ತಿರಸ್ಕಾರ

ಮಾನ್ಯರೇ,

ಇದು ನಾನು ನಿಮಗೆ ಬರೆಯುತ್ತಿರುವ ಐದನೇ ಪತ್ರ. ಮೊದಲಿನ ನಾಲ್ಕು ಇಮೇಲ್‌ಗಳಲ್ಲಿ ‘ದಯವಿಟ್ಟು’ ಅಂತ ಬರೆದಿದ್ದೆ. ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲ ಬೇರೆಯವರು ಎತ್ತುತ್ತಾರೆ, ಪ್ರತಿ ಸಲ ಮೊದಲಿಂದ ಕತೆ ಹೇಳಬೇಕು. ಕೊನೆಗೆ ‘48 ಗಂಟೆಯಲ್ಲಿ ಕಾಲ್ ಬರುತ್ತೆ ಮೇಡಂ’ ಅನ್ನುತ್ತಾರೆ. ಬಂದಿದ್ದು ಒಂದೇ ಕಾಲ್, ಕಳೆದ ಶುಕ್ರವಾರ. ‘ನಿಮ್ಮ ತಾಯಿಗೆ ಟಾಪ್-ಅಪ್ ಪಾಲಿಸಿ ತಗೊಳ್ಳಿ ಮೇಡಂ, ಒಳ್ಳೇ ಆಫರ್ ಇದೆ’ ಅಂತ. ಫೋನ್ ಇಟ್ಟ ಮೇಲೆ ನನ್ನ ಕೈ ನಡುಗುತ್ತಿತ್ತು. ಇನ್ನು ಸುಮ್ನೆ ಇರಬಾರದು ಅಂತ ಅವತ್ತೇ ತೀರ್ಮಾನಿಸಿದೆ.

ನಡೆದದ್ದು ಇಷ್ಟು. ನವೆಂಬರ್ 18ರ ಬೆಳಿಗ್ಗೆ ಅಮ್ಮ ಬಾತ್‌ರೂಮಿನಲ್ಲಿ ಸೋಪಿನ ನೀರಿಗೆ ಕಾಲು ಜಾರಿ ಬಿದ್ದರು. ಅವರಿಗೆ 66 ವರ್ಷ. ಸೊಂಟದ ಮೂಳೆ ಮುರಿದಿತ್ತು. ಅವತ್ತೇ ಆಸ್ಪತ್ರೆಗೆ ಸೇರಿಸಿದೆವು. ನೀವು ₹75,000ಕ್ಕೆ ಮೊದಲ ಮಂಜೂರಾತಿ ಕೊಟ್ಟಿರಿ. ಆ ಧೈರ್ಯದ ಮೇಲೆಯೇ ಆಪರೇಷನ್‌ಗೆ ಸಹಿ ಹಾಕಿದೆ. 24ನೇ ತಾರೀಖು ಬೆಳಿಗ್ಗೆ 11:20ಕ್ಕೆ ಆಸ್ಪತ್ರೆಯವರು ಕೊನೆಯ ಬಿಲ್ ನಿಮಗೆ ಕಳಿಸಿದರು.

ಮಧ್ಯಾಹ್ನ ಎರಡೂವರೆಗೆ ನಿಮ್ಮ ಪರಿಶೀಲನಾ ವಿಭಾಗದಿಂದ ನನ್ನ ಮೊಬೈಲಿಗೆ ಕಾಲ್ ಬಂತು. ನಾನು ಕೆಳಗೆ ಇನ್ಶೂರೆನ್ಸ್ ಡೆಸ್ಕ್ ಮುಂದೆ ನಿಂತಿದ್ದೆ. ‘ಪೇಷಂಟ್ ಹತ್ರಾನೇ ಮಾತಾಡಬೇಕು’ ಅಂದರು. ಲೈನ್ ಕಟ್ ಆಗಬಾರದು ಅಂತ ಲಿಫ್ಟ್ ಬಿಟ್ಟು ಮೂರು ಮಹಡಿ ಮೆಟ್ಟಿಲು ಹತ್ತಿದೆ. ಅಮ್ಮ ಕೈಯಿಂದ ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡು, ದಿಂಬಿಗೆ ಒರಗಿ ಕೂತಿದ್ದರು. ಮನೆಗೆ ಹೋಗುತ್ತೀವಿ ಅಂತ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡಿದ್ದರು. ಫೋನ್ ಸ್ಪೀಕರಿಗೆ ಹಾಕಿ ಅವರ ಮುಂದೆ ಹಿಡಿದೆ. ಆ ಮಾತುಕತೆ ನನಗೆ ಇವತ್ತಿಗೂ ಬಾಯಿಪಾಠ.

‘ಅಮ್ಮ, ಬಿ.ಪಿ. ಮಾತ್ರೆ ತಗೋತೀರಾ?’

‘ತಗೋತೀನಪ್ಪ.’

‘ಎಷ್ಟು ವರ್ಷದಿಂದ?’

‘ಒಂದ್ ಮೂರು ವರ್ಷ ಆಯ್ತು. ಕಣ್ಣಿನ ಆಪರೇಷನ್ ಟೈಮಲ್ಲಿ ಗೊತ್ತಾಗಿದ್ದು.’

‘ಅದಕ್ಕೂ ಮೊದ್ಲು ತಲೆ ಸುತ್ತು ಬರ್ತಿತ್ತಾ?’

‘ಯಾವಾಗ್ಲೋ ಒಂದೊಂದ್ಸಲ ಬರ್ತಿತ್ತಪ್ಪ, ಬಿಸಿಲಲ್ಲಿ ಓಡಾಡಿದ್ರೆ.’

‘ಹಂಗಾದ್ರೆ ಹತ್ತು ವರ್ಷದಿಂದ ಇತ್ತು ಅನ್ನಿ.’

‘ಹೂಂ...’

ಅಮ್ಮ ಇನ್ನೂ ಏನೋ ಹೇಳುವುದರಲ್ಲಿದ್ದರು. ‘ಆಯ್ತಮ್ಮ, ಥ್ಯಾಂಕ್ಯೂ’ ಅಂದು ಆ ಮನುಷ್ಯ ಫೋನ್ ಇಟ್ಟುಬಿಟ್ಟರು.

ಆ ‘ಹೂಂ’ ಒಪ್ಪಿಗೆ ಅಲ್ಲ. ಫೋನಿನಲ್ಲಿ ಯಾರು ಏನೇ ಹೇಳಿದರೂ ನಮ್ಮ ಅಮ್ಮ ‘ಹೂಂ’ ಅನ್ನುತ್ತಾರೆ. ಕೇಳಿಸುತ್ತಿದೆ, ಮುಂದೆ ಹೇಳು ಅಂತ ಅದರ ಅರ್ಥ. ಕನ್ನಡ ಮಾತಾಡುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮವರು ಚೆನ್ನಾಗಿಯೇ ಕನ್ನಡ ಮಾತಾಡಿದರು. ಅವರಿಗೂ ಅದು ಗೊತ್ತಿತ್ತು ಅಂತಲೇ ನನಗೆ ಅನ್ನಿಸುತ್ತೆ, ಅದಕ್ಕೇ ಜಾಸ್ತಿ ನೋವಾಗುತ್ತೆ.

ಸಂಜೆ 7:40ಕ್ಕೆ ತಿರಸ್ಕಾರದ ಪತ್ರ ಬಂತು. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದಾರೆ, ಹಾಗಾಗಿ ಪೂರ್ತಿ ಕ್ಲೇಮ್ ರದ್ದು. ಡೆಸ್ಕಿನ ಹುಡುಗ ಪಾಪ, ನನ್ನ ಪರವಾಗಿ ನಿಮ್ಮ ಆಫೀಸಿಗೆ ಫೋನ್ ಮಾಡಿ ಸ್ಪೀಕರ್ ಆನ್ ಮಾಡಿದ. ಸುತ್ತ ಎಂಟು-ಹತ್ತು ಜನ ಇದ್ದರು. ನಿಮ್ಮ ಅಧಿಕಾರಿ ಅಷ್ಟೂ ಜನರಿಗೆ ಕೇಳುವ ಹಾಗೆ ಹೇಳಿದರು: ‘ನಿಮ್ಮ ತಾಯೀನೇ ಒಪ್ಕೊಂಡಿದ್ದಾರೆ ಮೇಡಂ, ರೆಕಾರ್ಡಿಂಗ್ ಇದೆ. ಸುಳ್ಳು ಹೇಳಿ ಪಾಲಿಸಿ ಮಾಡಿಸಿದ್ರೆ ಕಂಪನಿ ಏನ್ ಮಾಡುತ್ತೆ?’ ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಏಳು ವರ್ಷ ಒಂದು ಕಂತೂ ತಪ್ಪಿಸದೆ, ಕಳೆದ ವರ್ಷದ ಕಂತಿನವರೆಗೂ 18% ಜಿ.ಎಸ್.ಟಿ. ಸಮೇತ ಕಟ್ಟಿದವಳು ಅಲ್ಲಿ ಕಳ್ಳಿಯ ಹಾಗೆ ನಿಂತಿದ್ದೆ.

ನಿಮ್ಮ ಪಾಲಿಸಿ ಶುರುವಾಗಿದ್ದು 2018ರ ಜೂನ್‌ನಲ್ಲಿ. ಅಮ್ಮನಿಗೆ ಬಿ.ಪಿ. ಇರುವುದು ಗೊತ್ತಾಗಿದ್ದು 2022ರ ಆಗಸ್ಟ್‌ನಲ್ಲಿ, ಕಣ್ಣಿನ ಪೊರೆಯ ಆಪರೇಷನ್‌ಗೆ ಮೊದಲು ಮಾಡಿದ ತಪಾಸಣೆಯಲ್ಲಿ. ಆ ಆಪರೇಷನ್ನಿನ ದುಡ್ಡು ಕೊಟ್ಟವರು ನೀವೇ. ಆ ಫೈಲಿನಲ್ಲಿ ‘ಹೊಸದಾಗಿ ಕಂಡುಬಂದ ಬಿ.ಪಿ.’ ಅಂತ ಡಾಕ್ಟರು ಬರೆದಿದ್ದಾರೆ. ಅದರ ಪ್ರತಿ ಮತ್ತೆ ಲಗತ್ತಿಸಿದ್ದೇನೆ. ಮೂರು ವರ್ಷದಿಂದ ನಿಮ್ಮ ಕಂಪ್ಯೂಟರಿನಲ್ಲೇ ಇರುವ ವಿಷಯವನ್ನು ನಾವು ಮುಚ್ಚಿಟ್ಟಿದ್ದು ಹೇಗೆ?

ಒಂದು ವೇಳೆ ಬಿ.ಪಿ. ಮೊದಲೇ ಇತ್ತು ಅಂತಲೇ ಇಟ್ಟುಕೊಳ್ಳೋಣ. ಆಗಲೂ ನೀವು ಈ ಮಾತು ಎತ್ತುವಂತಿಲ್ಲ. 60 ತಿಂಗಳು ಸತತವಾಗಿ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ವಿಷಯ ಹೇಳಲಿಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ಪ್ರಶ್ನಿಸುವ ಹಾಗಿಲ್ಲ. ಮೊದಲು ಎಂಟು ವರ್ಷ ಇದ್ದ ಈ ಮೊರಟೋರಿಯಂ ಅನ್ನು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐ.ಆರ್.ಡಿ.ಎ.ಐ. 2024ರಲ್ಲಿ ಐದು ವರ್ಷಕ್ಕೆ ಇಳಿಸಿತು. ನಮಗೆ ಅದು 2023ರ ಜೂನ್‌ಗೇ ತುಂಬಿದೆ. ಅವರದೇ 2024ರ ಮೇ 29ರ ಸುತ್ತೋಲೆಯ ಪ್ರಕಾರ ಡಿಸ್ಚಾರ್ಜ್ ಮಂಜೂರಾತಿ ಮೂರು ಗಂಟೆಯೊಳಗೆ ಬರಬೇಕು. ನೀವು ತಗೊಂಡಿದ್ದು ಎಂಟು ಗಂಟೆ ಇಪ್ಪತ್ತು ನಿಮಿಷ. ಅದೇ ಸುತ್ತೋಲೆಯ ಪ್ರಕಾರ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಆ ಸಮಿತಿ ಯಾವಾಗ ಕೂತಿತ್ತು? ಸೊಂಟದ ಮೂಳೆ ಮುರಿದಿದ್ದಕ್ಕೂ ಬಿ.ಪಿ.ಗೂ ಏನು ಸಂಬಂಧ ಅಂತ ಅದರಲ್ಲಿ ಒಬ್ಬರಾದರೂ ಕೇಳಿದರಾ? ಇವೆಲ್ಲ ನೀವು ದಿನಾ ಕೆಲಸ ಮಾಡುವ ನಿಯಮಗಳು. ನಾನು ನಿಮಗೆ ಕಲಿಸಬೇಕಾಗಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಅವತ್ತು ನಮ್ಮ ಡೆಸ್ಕಿನ ಪಕ್ಕದಲ್ಲೇ ಆರೋಗ್ಯ ಮಿತ್ರರ, ಅಂದರೆ ಸರ್ಕಾರಿ ಆಯುಷ್ಮಾನ್ ಕಾರ್ಡಿನವರಿಗೆ ಸಹಾಯ ಮಾಡುವವರ, ಕೌಂಟರ್ ಇತ್ತು. ಒಬ್ಬ ಹೆಂಗಸು ಮಡಚಿ ಮಡಚಿ ಸುಕ್ಕಾದ ಕಾರ್ಡ್ ಹಿಡಿದುಕೊಂಡು ಬಂದರು. ಅವರ ಗಂಡನಿಗೂ ಕಾಲಿನ ಆಪರೇಷನ್. ಕಾಗದಕ್ಕೆ ಸಹಿ ಮಾಡಿದರು, ಅಷ್ಟೇ. ‘ನಿಮ್ದೂ ಕಾರ್ಡಾ?’ ಅಂತ ಕೇಳಿದರು. ‘ಇಲ್ಲ ಅಕ್ಕ, ನಮ್ದು ಪ್ರೈವೇಟ್’ ಅಂದೆ. ‘ಹಂಗಾದ್ರೆ ನಿಮ್ಗೇನ್ ತೊಂದ್ರೆ ಇಲ್ಲ ಬಿಡಿ’ ಅಂದು ಗಂಡನನ್ನು ಕರೆದುಕೊಂಡು ಹೊರಟೇ ಹೋದರು. ಆಗಿನ್ನೂ ಮಧ್ಯಾಹ್ನ ಒಂದು ಗಂಟೆ.

ನಾನು ಪಾಲಿಸಿ ಮಾಡಿಸಿದ ಮೂರೇ ತಿಂಗಳಿಗೆ, 2018ರ ಸೆಪ್ಟೆಂಬರ್ 23ಕ್ಕೆ ಆಯುಷ್ಮಾನ್ ಭಾರತ್ ಶುರುವಾಯ್ತು. ಆಗ ನಮ್ಮ ಭಾವನ ಜೊತೆ ವಾದ ಮಾಡಿದ್ದೆ. ಸರ್ಕಾರದ್ದು ಅಂದರೆ ಸಾಲಲ್ಲಿ ನಿಲ್ಲಬೇಕು, ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ಬರಬೇಕು, ಪ್ಯಾಕೇಜ್ ದರ ಕಡಿಮೆ ಅಂತ ಆಸ್ಪತ್ರೆಯವರೇ ಮುಖ ಸಿಂಡರಿಸುತ್ತಾರೆ ಅಂದಿದ್ದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ನಮ್ಮದು ಎ.ಪಿ.ಎಲ್. ಕುಟುಂಬ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಮಗೆ ಸಿಗೋದು ಪ್ಯಾಕೇಜ್ ದರದ 30% ಮಾತ್ರ. ಉಳಿದಿದ್ದಕ್ಕೆ ಅಂತಲೇ ನಿಮ್ಮ ಹತ್ತಿರ ಬಂದಿದ್ದು. ಭಾವನಿಗೆ ಇ.ಎಸ್.ಐ. ಇದೆ. ಸಂಬಳದಲ್ಲಿ 0.75% ಹಿಡಿಯುತ್ತಾರೆ. ಡಿಸ್ಪೆನ್ಸರಿಯಲ್ಲಿ ಅರ್ಧ ದಿನ ಹೋಗುತ್ತೆ ಅಂತ ಬೈಕೊಳ್ಳುತ್ತಾರೆ. ಆದರೆ ‘ಈ ಕಾಯಿಲೆ ನಿನಗೆ ಯಾವಾಗ ಶುರುವಾಯ್ತು ಹೇಳು, ಆಮೇಲೆ ದುಡ್ಡಿನ ಮಾತು’ ಅಂತ ಅವರನ್ನು ಯಾರೂ ಕೇಳಿಲ್ಲ. ಆಯುಷ್ಮಾನ್ ಕಾರ್ಡಿನಲ್ಲೂ ಹಳೇ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ ಇದೆ. ಕರ್ನಾಟಕದಲ್ಲಿ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ದುಡ್ಡು ಕೊಡುತ್ತೆ. ಕ್ಲೇಮ್ ತಿರಸ್ಕರಿಸಿದರೆ ಲಾಭ ಆಗುವ ಕಂಪನಿ ಮಧ್ಯದಲ್ಲಿ ಇಲ್ಲ. ಏಳು ವರ್ಷದಲ್ಲಿ ಭಾವ ನನ್ನನ್ನು ಒಪ್ಪಿಸೋಕೆ ಆಗಿರಲಿಲ್ಲ. ನೀವು ಒಂದೇ ದಿನದಲ್ಲಿ ಒಪ್ಪಿಸಿದಿರಿ.

ಅವತ್ತು ರಾತ್ರಿ ಅಮ್ಮ ಆಸ್ಪತ್ರೆಯಲ್ಲೇ ಉಳಿಯಬೇಕಾಯ್ತು. ಮರುದಿನ ನನ್ನ ನಾಲ್ಕು ಬಳೆ ಅಡ ಇಟ್ಟು ಬಿಲ್ ಕಟ್ಟಿದೆ. ಬಳೆಯ ಚಿಂತೆ ನನಗಿಲ್ಲ. ‘ನಾನೇನಾದ್ರೂ ತಪ್ಪು ಮಾತಾಡಿಬಿಟ್ನಾ?’ ಅಂತ ಅಮ್ಮ ಆಂಬುಲೆನ್ಸಿನಲ್ಲಿ ಕೇಳಿದರು. ಆಮೇಲೆ ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಲ್ಲ. ಈಗ ನನ್ನ ತಂಗಿ ಫೋನ್ ಮಾಡಿದರೂ ಅಮ್ಮ ‘ಹೂಂ’ ಅನ್ನುವುದಿಲ್ಲ. ಸುಮ್ಮನೆ ಕೇಳಿಸಿಕೊಂಡು ಫೋನ್ ನನ್ನ ಕೈಗೆ ಕೊಟ್ಟುಬಿಡುತ್ತಾರೆ.

ನನಗೆ ಪೂರ್ತಿ ₹2,14,600 ಬರಬೇಕು. ನಿಮ್ಮ ತಡದಿಂದ ಜಾಸ್ತಿಯಾದ ಒಂದು ರಾತ್ರಿಯ ರೂಮಿನ ಬಾಡಿಗೆ ₹4,200 ಬೇರೆ. ಅದನ್ನು ನಿಮ್ಮ ಷೇರುದಾರರ ದುಡ್ಡಿನಿಂದ ಕೊಡಬೇಕು ಅಂತ ಸುತ್ತೋಲೆಯಲ್ಲೇ ಇದೆ. ಆ ಕಾಲ್ ರೆಕಾರ್ಡಿಂಗಿನ ಪ್ರತಿ ಬೇಕು. ಅಮ್ಮನ ಹೆಸರಿಗೆ ಕ್ಷಮೆ ಕೇಳಿ ಕನ್ನಡದಲ್ಲಿ ಒಂದು ಪತ್ರ ಬೇಕು. ನಾನೇ ಅವರಿಗೆ ಓದಿ ಹೇಳುತ್ತೇನೆ.

ಈ ಪತ್ರ ತಲುಪಿ ಒಂದು ತಿಂಗಳಿಗೆ ಉತ್ತರ ಬರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ. ಅವರ ಆದೇಶವನ್ನು 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ ₹5,000 ಕೊಡಬೇಕು ಅನ್ನೋದು ನಿಮಗೆ ಗೊತ್ತಿದೆ. ಜೂನ್‌ನಲ್ಲಿ ಈ ಪಾಲಿಸಿಯನ್ನು ಬೇರೆ ಕಡೆಗೆ ಪೋರ್ಟ್ ಮಾಡಿಸುತ್ತೇನೆ. ನಮ್ಮ ಆಫೀಸಿನ 34 ಜನರ ಗ್ರೂಪ್ ಪಾಲಿಸಿಯೂ ನಿಮ್ಮಲ್ಲೇ ಇದೆ. ಮಾರ್ಚ್ 31ಕ್ಕೆ ಅದರ ಅವಧಿ ಮುಗಿಯುತ್ತೆ. ಆ ಫೈಲ್ ನೋಡಿಕೊಳ್ಳೋದು ನಾನೇ. ಈ ಪತ್ರದ ಒಂದು ಪ್ರತಿಯನ್ನು ಇವತ್ತೇ ಆ ಫೈಲಿಗೆ ಹಾಕಿದ್ದೇನೆ.

ಇಂತಿ,
ನಿಮ್ಮ ಪಾಲಿಸಿದಾರರ ಮಗಳು

ಲಗತ್ತು: ತಿರಸ್ಕಾರ ಪತ್ರ, 2022ರ ಕಣ್ಣಿನ ಆಪರೇಷನ್ ಫೈಲ್, ಏಳು ವರ್ಷದ ಕಂತಿನ ರಸೀದಿಗಳು